ತೊಂಬತ್ತೊಂಬತ್ತು ಗಿಡ, ಒಬ್ಬಳು ಅಕ್ಕ

ಅರ್ಜೆಂಟೀನಾ ಗಡಿಯ ನದಿಯ ಈ ದಡದ ಸಾಲ್ತೋ ಊರಿಗೆ ಬೆಳಗಾಗಿ ಗಂಟೆಯ ಮೇಲಾಗಿದೆ. ಕಿತ್ತಳೆ ತೋಟಗಳ ಮೇಲೆ ಭೂಮಿಯ ಈ ದಕ್ಷಿಣಾರ್ಧದ ಡಿಸೆಂಬರಿನ ಬೇಸಿಗೆ ಬಿಸಿಲು ಆಗಲೇ ಚುರುಗುಟ್ಟುತ್ತಿದೆ. ಊರಾಚೆಯ ಈ ಪಾಲಿಹೌಸಿನೊಳಗೆ ಮಾತ್ರ ಇನ್ನೂ ಕಗ್ಗತ್ತಲು. ಮೇಲೆ ಕಪ್ಪು ಪರದೆ, ಕೆಳಗೆ ಕುಂಡಗಳಲ್ಲಿ ಗಾಢನಿದ್ದೆಯ ಗಾಂಜಾ ಗಿಡಗಳು. ಹೂ ಬಿಡಬೇಕಾದರೆ ಇವಕ್ಕೆ ದಿನಕ್ಕೆ ಹನ್ನೆರಡು ಗಂಟೆ ಕತ್ತಲೆ ಬೇಕು. ಬೇಸಿಗೆಯ ಸೂರ್ಯ ಅಷ್ಟು ಉದಾರಿಯಲ್ಲ. ಬಾಗಿಲ ಬಳಿ ಎಲ್ಬಿಯಾ ಬೆಂತಾನ್ಕೋರ್ ಕೂತಿದ್ದಾರೆ. ಅರವತ್ತೊಂದು ವಯಸ್ಸು, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಎಂಬ ಚಹಾದಂಥ ಎಲೆ ತುಂಬಿದ ಸೋರೆ ಬುರುಡೆ. ತಾವೇ ನೀರು ಹುಯ್ದುಕೊಂಡು ತಾವೇ ಹೀರುತ್ತಿದ್ದಾರೆ. ಗಡಿಯಾರ ಏಳು ತೋರಿಸಿದ್ದೇ ಎದ್ದು ಹಗ್ಗ ಜಗ್ಗುತ್ತಾರೆ. ಪರದೆ ಸರಸರ ಸುತ್ತಿಕೊಳ್ಳುತ್ತದೆ. ಗಿಡಗಳಿಗೆ ಬೆಳಗಾಗುತ್ತದೆ.

"ದೇವರ ಕೆಲಸ ಅಲ್ವಾ ಇದು, ದೋನ್ಯಾ?" ಎಂದು ಇಲ್ಲಿ ಹಿರಿಯ ಹೆಂಗಸರನ್ನು ಕರೆಯುವ ರೂಢಿಯಂತೆ ಕೇಳಿದರೆ ನಗುತ್ತಾರೆ. "ದೇವ್ರಿಗೆ ಭಾನುವಾರ ರಜ ಇತ್ತಪ್ಪ. ನಂಗೆಲ್ಲಿದೆ?"

ಆಮೇಲೆ ಎಣಿಕೆ. ಸರ್ಕಾರವೇ ಒಪ್ಪಿದ ಈ ಗಾಂಜಾ ಕ್ಲಬ್ಬಿನ ಪರವಾನಗಿಯ ಪ್ರಕಾರ ನಲವತ್ತೈದು ಸದಸ್ಯರು, ತೊಂಬತ್ತೊಂಬತ್ತು ಹೂಗಿಡ, ತಲೆಗೆ ತಿಂಗಳಿಗೆ ನಲವತ್ತು ಗ್ರಾಂ. ಬಾಗಿಲಿಗೆ ಬೋರ್ಡು ಹಾಕುವಂತಿಲ್ಲ, ಹೊರಗಿನವರಿಗೆ ಒಂದು ಎಸಳೂ ಕೊಡುವಂತಿಲ್ಲ. ಮತ್ತಿನ ಗಿಡವನ್ನು ಮತ್ತೆ ಮತ್ತೆ ಎಣಿಸುವ ಎಲ್ಬಿಯಾ ತಾವು ಒಂದು ದಮ್ಮೂ ಎಳೆದವರಲ್ಲ. ಇಪ್ಪತ್ತೆಂಟು ವರ್ಷ ಇದೇ ಪಾಲಿಹೌಸಿನಲ್ಲಿ ಟೊಮೆಟೊ ಬೆಳೆದವರು. "ಟೊಮೆಟೊ ನನ್ ಮಾತು ಕೇಳ್ತಿರ್ಲಿಲ್ಲ. ಇವು ಕೇಳ್ತವೆ. ಏಳಿ ಅಂದ್ರೆ ಏಳ್ತವೆ, ಮಲಕ್ಕೊಳಿ ಅಂದ್ರೆ ಮಲಗ್ತವೆ. ನನ್ ಗಂಡನೂ ಹಿಂಗಿರ್ಲಿಲ್ಲ."

ತಪಾಸಣೆಗೆ ಬರುವ ಅಧಿಕಾರಿಯ ವರಸೆಯನ್ನು ಎಲ್ಬಿಯಾರ ಅಭಿನಯದಲ್ಲೇ ನೋಡಬೇಕು. ಕನ್ನಡಕ ಮೂಗಿನ ತುದಿಗೆ ಜಾರುತ್ತದೆ, ದನಿ ಮೂಗಿನೊಳಕ್ಕೆ ಏರುತ್ತದೆ. "'ಹೂ ಎಷ್ಟೂ? ಎಲೆ ಎಷ್ಟೂ? ಕಡ್ಡಿ ಎಷ್ಟೂ?' ಕಸಾನೂ ತಕ್ಕಡಿಗೆ ಹಾಕ್ತಾನೆ, ಪುಣ್ಯಾತ್ಮ. ಒಂದ್ಸಲ ನನ್ ಕೈ ನೋಡಿ, 'ಇದೇನು ದೋನ್ಯಾ, ಕರ್ರಗೆ?' ಅಂದ. 'ಅಂಟು ಸ್ವಾಮಿ, ಬೇಕಾದ್ರೆ ಕೈ ಕತ್ತರಿಸಿ ತೂಗಿ' ಅಂದೆ. ಬರ್ಕೊಳ್ಳೋಕೆ ಅವನ ಫಾರಂನಲ್ಲಿ ಜಾಗ ಇರ್ಲಿಲ್ಲ."

ಹೂ ಕತ್ತರಿಸುವವರ ಬೆರಳಿಗೆ ಮೆತ್ತುವ ಈ ಕಪ್ಪು ಅಂಟು ಸೋಪಿಗೆ ಜಗ್ಗುವುದಿಲ್ಲ, ಎಣ್ಣೆಗೆ ಮಾತ್ರ ಕರಗುತ್ತದೆ. ಎಲ್ಬಿಯಾರ ಬದುಕಿನಲ್ಲಿ ಅಂಟಿಗೂ ನಂಟಿಗೂ ಗಂಟು ಬಿದ್ದಿರುವುದು ಇಲ್ಲೇ.

ನದಿಯಾಚೆ ಅರ್ಜೆಂಟೀನಾದ ಕೊಂಕೋರ್ದಿಯಾ. ಲಾಂಚಿನಲ್ಲಿ ಕಾಲು ಗಂಟೆ. ನಲವತ್ತು ವರ್ಷದ ಹಿಂದೆ ಮದುವೆಯಾಗಿ ಅಕ್ಕ ನಿಲ್ಸಾ ಅಲ್ಲಿಗೆ ಹೋದರು, ಅಂದಿನಿಂದ ಎಲ್ಬಿಯಾರ ಭಾನುವಾರಗಳೂ ಅಲ್ಲಿಗೇ ಹೋದವು. ಹಿತ್ತಲಲ್ಲಿ ಎರಡು ಕುರ್ಚಿ, ಒಂದು ಬುರುಡೆ. ಮಾಟೆ ಹುಯ್ದು ಕೊಡುವುದು ಯಾವತ್ತೂ ಅಕ್ಕನೇ. ಮಾಟೆಯ ಪದ್ಧತಿಯಲ್ಲಿ ಹುಯ್ಯುವವರು ಒಬ್ಬರೇ ಇರಬೇಕು. ಕುಡಿದು ಬುರುಡೆ ಹಿಂದೆ ಕೊಡುವಾಗ ಸುಮ್ಮನಿದ್ದರೆ ಇನ್ನೊಂದು ಬರುತ್ತದೆ, 'ಉಪಕಾರ ಆಯ್ತು' ಅಂದರೆ ಸಾಕು ಎಂದರ್ಥ.

ಐದು ವರ್ಷದ ಹಿಂದೆ ನಿಲ್ಸಾರ ಬೆರಳುಗಳು ಸಂಧಿವಾತಕ್ಕೆ ಮುದುಡತೊಡಗಿದವು. ಒಂದು ಭಾನುವಾರ ಎಲ್ಬಿಯಾ ಕೊಯ್ಲಿನ ಕೈಯಲ್ಲೇ ಹೋಗಿ, ಅಂಟು ಬಿಡಿಸಲು ಆಲಿವ್ ಎಣ್ಣೆ ತಿಕ್ಕುತ್ತ, ಹಾಗೇ ಮಾತಿನ ನಡುವೆ ಅಕ್ಕನ ಕೈಯನ್ನೂ ತಿಕ್ಕಿದರು. "ಮಾರನೇ ದಿನ ಫೋನು. 'ಲೇ, ಬ್ಲೌಸಿನ ಗುಂಡಿ ನಾನೇ ಹಾಕ್ಕೊಂಡೆ ಕಣೇ!' ಅಂಟಿಗೋ, ಎಣ್ಣೆಗೋ, ತಂಗಿ ಕೈಗೋ, ನಂಗೊತ್ತಿಲ್ಲ. ಡಾಕ್ಟ್ರಿಗೂ ಗೊತ್ತಿಲ್ಲ." ಆಮೇಲೆ ಪ್ರತಿ ಭಾನುವಾರ ತೊಳೆಯದ ಕೈ ನದಿ ದಾಟಿತು.

ಹದಿನಾಲ್ಕು ತಿಂಗಳ ಹಿಂದೆ ಆಚೆ ದಡದ ಸುಂಕದ ಕಟ್ಟೆಗೆ ಲೋಲಾ ಬಂದಳು. ಕಪ್ಪು ನಾಯಿ, ಮಾದಕವಸ್ತು ಪತ್ತೆಯಲ್ಲಿ ಪದವೀಧರೆ. ಎಲ್ಬಿಯಾರ ಮುಂದೆ ಬಂದವಳೇ ಕುಕ್ಕರಗಾಲಲ್ಲಿ ಕೂತಳು, ವಾಸನೆ ಸಿಕ್ಕಿತೆಂಬ ಸನ್ನೆ. ಚೀಲ ಜಾಲಾಡಿದರೆ ಆರು ಕಿತ್ತಳೆ, ಒಂದು ಉಣ್ಣೆ ದಾರದ ಉಂಡೆ. "ಮೂರು ಸಲ ಕೈ ತೊಳೆಸಿದ್ರು. ಮೂರು ಸಲಾನೂ ಆ ಮುಂಡೇದು ಎದ್ದೇಳ್ಲಿಲ್ಲ. 'ಅಮ್ಮಾ, ನಿಮ್ಮನ್ನ ಬಿಡಬಹುದು, ನಿಮ್ಮ ಕೈಗಳನ್ನ ಬಿಡೋ ಹಂಗಿಲ್ಲ' ಅಂದ ನಾಯಿ ಹಿಡಿದಿದ್ದ ಕಸ್ಟಮ್ಸ್ ಹುಡುಗ. ಅದೇ ಲಾಂಚಲ್ಲಿ ವಾಪಸ್ಸು."

ಮುಲಾಮು ಮಾಡಿ ಒಯ್ಯಲಾಗದೆ? ಕ್ಲಬ್ಬು ಒಂದು ಚಮಚ ಮುಲಾಮನ್ನೂ ಮಾಡುವಂತಿಲ್ಲ. ಅದಕ್ಕೆ ಬೇರೆ ಕಾನೂನು, ಡಾಕ್ಟರ ಚೀಟಿ, ಔಷಧಿ ಅಂಗಡಿ. ಅಲ್ಲಿ ಕೊಂಡದ್ದನ್ನೂ ನದಿ ದಾಟಿಸುವಂತಿಲ್ಲ. ಈಸ್ಟರಿಗೆ ಗಿಡ ಮುಟ್ಟದೆ ಹತ್ತು ದಿನ ರಜೆ ಹಾಕಿ, ಎಣ್ಣೆ ನಿಂಬೆ ತಿಕ್ಕಿ ಕೈ ಬೆಳ್ಳಗೆ ಮಾಡಿಕೊಂಡು ಹೋದರು. ಲೋಲಾ ಆಕಳಿಸಿದಳು. ಅಕ್ಕನ ಮನೆಯಲ್ಲಿ ಮಾಟೆ ಹುಯ್ದದ್ದು ಅಕ್ಕನ ಮಗಳು. "ಅಕ್ಕ ತನ್ ಕೈ ಶಾಲೊಳಗೆ ಇಟ್ಕೊಂಡು ಕೂತಿದ್ಲು. ಬರಿಗೈಲಿ ಹೋಗಿ ನಾನೇನ್ ಮಾಡ್ಲಿ, ನೋಡಿ ಬಂದೆ."

ಉಳಿದಿರುವುದು ಒಂದೇ ದಾರಿ. ಆ ದಡದಲ್ಲಿ ರೋಗಿಯ ಹೆಸರಿಗೆ ಪರವಾನಗಿ ಸಿಕ್ಕರೆ ಮನೆಯಲ್ಲೇ ಒಂಬತ್ತು ಗಿಡ ಬೆಳೆಸಬಹುದು. ನಿಲ್ಸಾ ಅರ್ಜಿ ಹಾಕಿದರು. ಗುರುತಿನ ಚೀಟಿಯ ಸಹಿಗೂ ಅರ್ಜಿಯ ಸಹಿಗೂ ತಾಳೆಯಿಲ್ಲವೆಂದು ವಾಪಸು ಬಂತು. ಕೈಗೆ ಔಷಧಿ ಬೇಕೆಂದು ಅರ್ಜಿ, ಕೈ ಸರಿಯಿಲ್ಲವೆಂದು ಅರ್ಜಿ ತಿರಸ್ಕೃತ! ಏಳು ತಿಂಗಳ ಹಿಂದೆ ಹೆಬ್ಬೆಟ್ಟು ಒತ್ತಿ ಮತ್ತೆ ಕಳಿಸಿದ್ದಾರೆ.

ಎಣಿಕೆ ಮುಗಿಯುವ ಹೊತ್ತಿಗೆ ಫೋನು ಹೊಡೆದುಕೊಳ್ಳುತ್ತದೆ. ಎಲ್ಬಿಯಾ ಸ್ಪೀಕರ್ ಒತ್ತುತ್ತಾರೆ.

"ಏನೇ ಗಾಂಜಾ ರಾಣಿ, ನಿನ್ ಮಕ್ಕಳು ಎದ್ವಾ?"

"ಎದ್ವು ಕಣಕ್ಕ. ಪತ್ರ ಬಂತಾ?"

"ಪೋಸ್ಟ್‌ನವನು ನಿನ್ನೆ ಬಂದಿದ್ದ. ಕರೆಂಟ್ ಬಿಲ್ ಕೊಟ್ಟ. ಶಾಲೇಲಿ ಅಕ್ಷರಕ್ಕೆ ಬಹುಮಾನ ತಗೊಂಡೋಳು ಈಗ ಹೆಬ್ಬೆಟ್ಟು ಅಂತ ಅವರಿಗೂ ನಾಚಿಕೆ ಇರ್ಬೇಕು."

"ಕುಂಡ ತಂದಿಟ್ಯಾ?"

"ಒಂಬತ್ತೂ ಮಹಡಿ ಮೇಲಿವೆ. ಖಾಲಿ. ಬೆಕ್ಕು ಒಂದರಲ್ಲಿ ಸಂಸಾರ ಹೂಡಿದೆ. ಬೇಗ ಬಾರೇ, ಇಲ್ಲಾಂದ್ರೆ ಎಂಟೇ ಉಳಿಯೋದು."

ಫೋನಿಟ್ಟ ಮೇಲೂ ಎಲ್ಬಿಯಾ ನದಿಯತ್ತ ನೋಡುತ್ತಾರೆ. ಬೆಳಗಿನ ಬಿಸಿಲು ಆಚೆ ದಡದ ಕಿಟಕಿಗಳಿಗೆ ನೇರವಾಗಿ ಬಿದ್ದು ಒಂದೊಂದೂ ಮಿನುಗುತ್ತಿದೆ. ಪತ್ರ ಬಂದರೆ ತೊಳೆದ ಕೈಯಲ್ಲೇ ಹೋಗುತ್ತಾರಂತೆ, ಅಕ್ಕನ ಗಿಡಗಳ ಅಂಟು ಅಲ್ಲೇ ಹತ್ತುತ್ತದಂತೆ. ವಾಪಸು ಬರುವಾಗ ಲೋಲಾ ಕೂತರೆ? "ಅಷ್ಟೊತ್ತಿಗೆ ಎಣ್ಣೆ ಹಚ್ಚಿ ಎಲ್ಲಾ ಅಕ್ಕನ ಕೈಗೇ ತಿಕ್ಕಿ ಬಂದಿರ್ತೀನಿ."

ಫ್ಲಾಸ್ಕಿನಿಂದ ಮತ್ತೆ ತಾವೇ ಹುಯ್ದುಕೊಳ್ಳುತ್ತಾರೆ, ಹೀರುತ್ತಾರೆ.

"ನಾಯಿ ಬರೋಕೆ ಮುಂಚಿನ ಭಾನುವಾರ ಅಕ್ಕ ಹುಯ್ದು ಕೊಟ್ಟಿದ್ಲು. ಲಾಂಚ್ ಕೂಗ್ಬಿಡ್ತು. ಬುರುಡೆ ಅವಳ ಕೈಗೆ ಕೊಟ್ಟು ಓಡಿ ಬಂದೆ. ಉಪಕಾರ ಆಯ್ತು ಅನ್ಲಿಲ್ಲ," ಎನ್ನುತ್ತಾರೆ ಎಲ್ಬಿಯಾ. "ಅಂದ್ಮೇಲೆ ಅಕ್ಕನ ಕೈಯ ಮುಂದಿನ ಮಾಟೆ ಇನ್ನೂ ನಂದೇ."