ಮಚ್ಚೇಂದ್ರನ ಬೆನ್ನಿಗೆ ಹತ್ತಿದ ಮಣ್ಣು

ನಮ್ಮ ಹುಮನಾಬಾದಿನಲ್ಲಿ ಆಟೋ ಹಿಂದಕ್ಕೆ ತೆಗೆಯಬೇಕಾದರೆ ಕೆಳಗಿಳಿದು, ಹಿಂದೆ ಹೋಗಿ ಕಣ್ಣಾರೆ ನೋಡಿ, ಮತ್ತೆ ಬಂದು ಕೂತು ಗಾಡಿ ತೆಗೆಯುವ ಡ್ರೈವರ್ ಒಬ್ಬನೇ ಇದ್ದಾನೆ. ಅವನೇ ಮಚ್ಚೇಂದ್ರ. ಮಾಣಿಕನಗರದ ಸ್ಟ್ಯಾಂಡಿನಲ್ಲಿ ಉಳಿದ ಆಟೋದವರು ಇದಕ್ಕೆ ನಗುತ್ತಾರೆ. "ಪೈಲ್ವಾನ್, ಕನ್ನಡಿ ಹಚ್ಚಿದ್ದು ಮೀಸಿ ತಿರುವಾಕೇನು?" ಎಂದು ಕೇಳುತ್ತಾರೆ. ನನಗೆ ಉತ್ತರ ಗೊತ್ತಿದೆ. ತನ್ನ ಬೆನ್ನ ಹಿಂದೆ ಏನಿದೆ ಎಂಬುದರ ಬಗ್ಗೆ ಮಚ್ಚೇಂದ್ರನಿಗೆ ತನ್ನ ಮೇಲೇ ನಂಬಿಕೆ ಹೋಗಿ ಇಪ್ಪತ್ತೆಂಟು ವರ್ಷಗಳಾಗಿವೆ. ಅದು ಹೇಗೆ ಹೋಯಿತು ಎಂಬುದನ್ನು ಸಮಾಧಾನದಿಂದ ಹೇಳಬೇಕೆಂದಿದ್ದೇನೆ. ಆದರೆ ಆ ಸಮಾಧಾನ ಕೊನೆಯವರೆಗೂ ಉಳಿಯುತ್ತದೆ ಎಂಬ ಭರವಸೆ ನನಗಿಲ್ಲ.

ನಾನು ಬಟ್ಟೆ ಅಂಗಡಿಯವನು, ಹೆಸರು ಧನರಾಜ. ನಾನೂ ಮಚ್ಚೇಂದ್ರನೂ ಕುಸ್ತಿ ಕಲಿಸುವ ವೈಜನಾಥ ವಸ್ತಾದರ ತಾಲೀಮಿಗೆ, ಅಂದರೆ ಗರಡಿಗೆ, ಒಂದೇ ವರ್ಷ ಸೇರಿದವರು. ನಾನು ಮೈಕಟ್ಟು ಬೆಳೆಸಿಕೊಳ್ಳುವ ಆಸೆಗೆ ಹೋಗಿ, ಬೈಠಕ್ ಹೊಡೆದು ತೊಡೆ ಹಿಡಿದುಕೊಂಡು, ತಿಂಗಳು ತುಂಬುವ ಮೊದಲೇ ಓಡಿಬಂದೆ. ಇಂದಿಗೂ ನನ್ನ ಹೊಟ್ಟೆ ಅದಕ್ಕೆ ಸಾಕ್ಷಿ ಹೇಳುತ್ತದೆ. ಮಚ್ಚೇಂದ್ರ ನಿಂತ. ಅವನು ಘಾಟಬೋರಾಳದವನು, ದಲಿತ ಕೇರಿಯ ಬೌದ್ಧರ ಮನೆಯ ಹುಡುಗ. ಅವನ ಅಪ್ಪ ಅವ್ವ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದರು. ಬೆಳಗಿನ ಜಾವ ಸೈಕಲ್ ತುಳಿದು ಬಂದು, ಅಖಾಡದ ಮಣ್ಣು ಅಗೆದು, ಅದಕ್ಕೆ ಎಣ್ಣೆ ಮಜ್ಜಿಗೆ ಬೆರೆಸಿ ಹದ ಮಾಡುತ್ತಿದ್ದವನು ಅವನೇ. ತಾಲೀಮಿನೊಳಗೆ ಯಾರೂ ಯಾರ ಕೇರಿಯನ್ನೂ ಕೇಳಬಾರದು ಎಂಬುದು ವಸ್ತಾದರ ಕಟ್ಟಳೆ. ಅವರು ಅವನಿಗೆ ತಮ್ಮ ಮನೆಯ ಹಾಲು ಕುಡಿಸಿದರು. ನಾಲ್ಕು ಮಂದಿಯ ಮುಂದೆ "ಇಂವ ನನ್ನ ಮಗ" ಎಂದು ಹೇಳಿಕೊಂಡರು. ಅವನ ಕಣ್ಣಿಗೆ ವಸ್ತಾದರು ದೇವರಿಗಿಂತ ಒಂದು ಮೆಟ್ಟಿಲು ಮೇಲೆಯೇ ಇದ್ದರು.

ಇಪ್ಪತ್ತು ತುಂಬುವ ಹೊತ್ತಿಗೆ ಅವನು ಕುಸ್ತಿಯಿಂದಲೇ ಹೊಟ್ಟೆ ಹೊರೆಯುವ ಪೈಲ್ವಾನನಾಗಿದ್ದ. ಆಳಂದ, ಉಮರಗಾ, ಉದಗೀರ, ಎಲ್ಲಿ ಕುಸ್ತಿ ಮೈದಾನವಾದರೂ ಅವನಿಗೆ ಕರೆ ಬರುತ್ತಿತ್ತು. ಆಮೇಲೆ ಬಸವಕಲ್ಯಾಣದ ಪಂಚಮಿಯ ಮೈದಾನ ಬಂತು. ಗಡಿಯಾಚೆಯ ಒಂದು ಸಕ್ಕರೆ ಕಾರ್ಖಾನೆಯ ಚೇರ್ಮನ್ನರು ಆ ವರ್ಷ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಕೊನೆಯ ಜೋಡಿಯಲ್ಲಿ ಗೆದ್ದವನನ್ನು ಕಾರ್ಖಾನೆಯ ಪೈಲ್ವಾನನಾಗಿ ಇಟ್ಟುಕೊಳ್ಳುತ್ತಾರೆ, ತಿಂಗಳ ಪಗಾರ ಕೊಟ್ಟು ಕೊಲ್ಹಾಪುರಕ್ಕೆ ಕಳಿಸುತ್ತಾರೆ ಎಂದು ಸುದ್ದಿಯಾಗಿತ್ತು. ಎದುರಾಳಿ ಸಂಜೀವಕುಮಾರ, ಕಲ್ಯಾಣದ ದೊಡ್ಡ ಜಮೀನುದಾರರ ಮಗ. ವೈಜನಾಥ ವಸ್ತಾದರೇ ತೀರ್ಪು ಕೊಡುವ ಪಂಚರಾಗಿ ಕಣಕ್ಕಿಳಿದಿದ್ದರು. ಸ್ವಂತ ಶಿಷ್ಯನ ಕುಸ್ತಿಗೆ ಅವರೇ ಪಂಚರು ಹೇಗೆ ಎಂದು ಆಗ ಯಾರೂ ಕೇಳಲಿಲ್ಲ. ಸ್ವಂತ ವಸ್ತಾದನೇ ಶಿಷ್ಯ ಸೋತ ಎಂದರೆ ಆಮೇಲೆ ತಕರಾರು ಎತ್ತುವವರು ಯಾರಿರುತ್ತಾರೆ?

ಮಚ್ಚೇಂದ್ರ ಸೋತ. ನಾನು ಅಲ್ಲೇ ಇದ್ದೆ, ಆದರೆ ಮಂದಿಯ ತಲೆಗಳ ಹಿಂದೆ. ಕಣದಿಂದ ಹೊರಬಂದವನು ಒಂದೇ ಮಾತು ಹೇಳುತ್ತಿದ್ದ, "ನಂದು ಬೆನ್ನು ಹತ್ತಿಲ್ರಿ ವಸ್ತಾದ್ರೇ, ಹತ್ತಿಲ್ರಿ." ಮಣ್ಣಿನ ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್, ಅದಕ್ಕೆ ಬೆನ್ನಿನ ಮಣ್ಣೇ ಸಾಕ್ಷಿ. ವಸ್ತಾದರು ಅವನ ಹೆಗಲ ಮೇಲೆ ಕೈಯಿಟ್ಟು, "ಕೈ ಹಿಂದ ಹಾಕಿ ನೋಡ್ಕೊ ಮಗಾ" ಎಂದರು. ಅವನು ನೋಡಿಕೊಂಡ. ಅಂಗೈ ತುಂಬ ಒದ್ದೆ ಕೆಮ್ಮಣ್ಣು ಬಂತು.

ಸೋಲು ಅವನನ್ನು ಮುರಿಯಲಿಲ್ಲ. ಎಲ್ಲ ಪೈಲ್ವಾನರೂ ಸೋಲುತ್ತಾರೆ. ನೆಲಕ್ಕೆ ತಾಗಿದ್ದು ತನ್ನ ಬೆನ್ನಿಗೇ ಗೊತ್ತಾಗಲಿಲ್ಲವಲ್ಲ ಎಂಬುದು ಅವನನ್ನು ಮುರಿಯಿತು. ಮುಂದಿನ ಕುಸ್ತಿಗಳಲ್ಲಿ ಕೆಳಗೆ ಹೋದಾಗಲೆಲ್ಲ ತಾಗಿತೋ ಇಲ್ಲವೋ ಎಂದು ಅನುಮಾನ ಪಡುತ್ತ ನಿನ್ನೆ ಮೊನ್ನೆಯ ಹುಡುಗರ ಕೈಯಲ್ಲೂ ಬಿದ್ದ. ವರ್ಷದೊಳಗೆ ಲಂಗೋಟಿ ಬಿಚ್ಚಿಟ್ಟು ಆಟೋ ಹಿಡಿದ. ಆದರೆ ವಸ್ತಾದರ ಮನೆ ಬಿಡಲಿಲ್ಲ. ಈಗ ಅವರಿಗೆ ಎಂಬತ್ತರ ಮೇಲಾಗಿದೆ, ಮೊಣಕಾಲು ಮಡಚುವುದಿಲ್ಲ. ಪ್ರತಿ ಭಾನುವಾರ ಮಚ್ಚೇಂದ್ರ ಹೋಗಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ. "ನನ್ನ ಸೊಂಟ ಬಿದ್ದು ಹೋಗ್ಲಾಕತ್ತದ, ಅದಕ್ಕ ಎಣ್ಣಿ ಇಲ್ಲ" ಎಂದು ಅವನ ಹೆಂಡತಿ ಸೋನುಬಾಯಿ ಬೈಯುತ್ತಲೇ ಇರುತ್ತಿದ್ದಳು.

ಹೋದ ವರ್ಷ ಕಲ್ಯಾಣದಿಂದ ಅಸ್ಗರಿ ಎಂಬ ಹುಡುಗಿ ಅವನನ್ನು ಹುಡುಕಿಕೊಂಡು ಬಂದಳು. ಅವಳ ಅಪ್ಪ ಸೈಫುದ್ದೀನ್ ಮದುವೆ ವಿಡಿಯೋ ತೆಗೆಯುತ್ತಿದ್ದವನು, ಕುಸ್ತಿಯ ಹುಚ್ಚ. ಅವನು ತೀರಿಕೊಂಡ ಮೇಲೆ ಕಪಾಟು ತೆಗೆದರೆ ಹಳೆಯ ಮೈದಾನಗಳ ಕ್ಯಾಸೆಟ್ಟುಗಳು ಸಿಕ್ಕವು. ಅವುಗಳನ್ನು ಕಂಪ್ಯೂಟರಿಗೆ ಇಳಿಸಿ, ಮಚ್ಚೇಂದ್ರನನ್ನು ಪಕ್ಕದಲ್ಲಿ ಕೂರಿಸಿ, ಅವನ ಹಳೆಯ ಕುಸ್ತಿಗಳನ್ನು ಅವನಿಂದಲೇ ಬಿಡಿಸಿ ಹೇಳಿಸಿ ಯೂಟ್ಯೂಬಿಗೆ ಹಾಕಬೇಕೆಂದು ಅವಳ ಯೋಜನೆ. ಪ್ರಶ್ನೆ ಕೇಳಲು ಒಬ್ಬ ಬೇಕಲ್ಲ, ಅದಕ್ಕೆ ನಾನು. ಮೊದಲ ಮೂರು ವಿಡಿಯೋಗಳು ಅವನು ಗೆದ್ದ ಕುಸ್ತಿಗಳು. "ಇಲ್ಲಿ ನೋಡ್ರಿ, ಅವನ ಭಾರ ಎಡಗಾಲಿಗೆ ಬಂತು, ಈಗ ನಾ ಒಳಗ ಹೋಗ್ತೀನಿ" ಎಂದು ಅವನು ತೋರಿಸುವಾಗ ಆಟೋ ಡ್ರೈವರ್ ಮಾಯವಾಗಿ ಹಳೆಯ ಪೈಲ್ವಾನ ಬಂದು ಕೂರುತ್ತಿದ್ದ. ನೋಡುವ ಮಂದಿ ಬೆಳೆದರು. ಎಲ್ಲರೂ ಕೇಳುತ್ತಿದ್ದುದು ಕಲ್ಯಾಣದ ಪಂಚಮಿ ಕುಸ್ತಿಯನ್ನು.

ಅವನಿಗೆ ಮನಸ್ಸಿರಲಿಲ್ಲ. "ಸೋತದ್ದೂ ಹೇಳಬೇಕು ಚಾಚಾ, ಅದೂ ನಿಮ್ದೇ ಅಲ್ಲೇನ್ರಿ" ಎಂದು ಅಸ್ಗರಿ ಒಪ್ಪಿಸಿದಳು. ಒಂದು ಶನಿವಾರ ಮಧ್ಯಾಹ್ನ ಕಲ್ಯಾಣದ ಅವಳ ಮನೆಯಲ್ಲಿ ಮೂವರೂ ನೋಡಲು ಕೂತೆವು. ಸೈಫುದ್ದೀನ್ ಆ ದಿನ ನೀರಿನ ಟ್ಯಾಂಕರ್ ಮೇಲೆ ಹತ್ತಿ ತೆಗೆದಿದ್ದ, ಹೀಗಾಗಿ ಮಂದಿಯ ತಲೆ ಅಡ್ಡ ಬರದೆ ಕಣ ಪೂರ್ತಿ ಕಾಣುತ್ತಿತ್ತು. ಸಂಜೀವಕುಮಾರ ಮೇಲೆ ಬಿದ್ದಿದ್ದಾನೆ. ಮಚ್ಚೇಂದ್ರ ತಲೆ ಮತ್ತು ಹಿಮ್ಮಡಿಯ ಮೇಲೆ ಭಾರ ಹೊತ್ತು ಬೆನ್ನು ಎತ್ತಿ ಹಿಡಿದಿದ್ದಾನೆ. ವಸ್ತಾದರು ಬಗ್ಗಿ ನೋಡಿ, ನೆಲಕ್ಕೆ ಕೈ ಬಡಿದು, ಸೀಟಿ ಊದುತ್ತಾರೆ.

"ತಡಿ ಬೇಟಿ. ಹಿಂದ ತಗೋ" ಎಂದ ಮಚ್ಚೇಂದ್ರ.

ಅಸ್ಗರಿ ನಿಧಾನಕ್ಕೆ ಓಡಿಸಿದಳು. ಸೀಟಿ ಊದುವ ಹೊತ್ತಿಗೆ ಅವನ ಬೆನ್ನಿಗೂ ಮಣ್ಣಿಗೂ ನಡುವೆ ಕೈ ತೂರಿಸುವಷ್ಟು ಜಾಗ. ಆಚೆ ಕಡೆಯ ಬೆಳಕು ಕಾಣುತ್ತಿತ್ತು. ಮಚ್ಚೇಂದ್ರ ನಕ್ಕ. ಸಣ್ಣ ಹುಡುಗನ ಹಾಗೆ ನನ್ನ ತೊಡೆಗೆ ಹೊಡೆದು, "ನಾ ಅಂದಿದ್ದೆನಲ್ಲೋ ಧನರಾಜ, ಹತ್ತಿಲ್ಲ ಅಂತ" ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಬಂತು, ಸುಳ್ಳು ಯಾಕೆ ಹೇಳಲಿ. ವಸ್ತಾದರ ಕಣ್ಣು ತಪ್ಪಿರಬೇಕು, ಮನುಷ್ಯ ಅಂದಮೇಲೆ ಆಗುತ್ತದೆ ಎಂದುಕೊಂಡೆವು. ಆಮೇಲೆ ನನಗೆ ನೆನಪಾಯಿತು. ಹಾಗಾದರೆ ಅವತ್ತು ಅವನ ಅಂಗೈಗೆ ಬಂದ ಮಣ್ಣು ಎಲ್ಲಿಯದು?

ಅಸ್ಗರಿ ಅದನ್ನು ಮುಂದಕ್ಕೆ ಬಿಟ್ಟಿದ್ದಳು. ಮಚ್ಚೇಂದ್ರ ಎದ್ದು ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನಿಂತಿದ್ದಾನೆ. ತೊಡೆ, ತೋಳು, ಕತ್ತು ಎಲ್ಲ ಮಣ್ಣು. ಭುಜದ ನಡುವಿನ ಬೆನ್ನು ಮಾತ್ರ ಬೆವರಿಗೆ ಹೊಳೆಯುತ್ತ ಚೊಕ್ಕಟವಾಗಿದೆ. ಮಂದಿ ಕಣಕ್ಕೆ ನುಗ್ಗುತ್ತಿದ್ದಾರೆ. ವಸ್ತಾದರು ಧೋತರ ಸರಿಮಾಡಿಕೊಳ್ಳುವವರಂತೆ ಬಗ್ಗುತ್ತಾರೆ, ಮುಷ್ಟಿ ತುಂಬ ಮಣ್ಣು ತೆಗೆದುಕೊಳ್ಳುತ್ತಾರೆ. ಹಿಂದಿನಿಂದ ಬಂದು ಶಿಷ್ಯನನ್ನು ಅಪ್ಪಿಕೊಳ್ಳುತ್ತಾರೆ. ಬೆನ್ನ ಮೇಲೆಲ್ಲ ಕೈಯಾಡಿಸಿ ಸಂತೈಸುತ್ತಾರೆ. ಆಮೇಲೆ ಅವನ ಹೆಗಲು ಹಿಡಿದು ತಿರುಗಿಸಿ, ಆ ಬೆನ್ನನ್ನು ಚೇರ್ಮನ್ನರ ಕಡೆ ತೋರಿಸುತ್ತಾರೆ.

ಆ ಅಪ್ಪುಗೆಯ ಕಥೆಯನ್ನು ಮಚ್ಚೇಂದ್ರ ನನಗೆ ಎಷ್ಟು ಸಲ ಹೇಳಿದ್ದಾನೋ. ಸೋತವನನ್ನು ಎಲ್ಲರೂ ಬಿಟ್ಟು ಹೋದಾಗ ವಸ್ತಾದರೊಬ್ಬರೇ ಬಂದು ಬೆನ್ನು ಸವರಿದರು ಎಂದು ಹೇಳುತ್ತಿದ್ದ. ಈಗ ಅವನು ಪರದೆಯನ್ನೇ ನೋಡುತ್ತ ಕೂತ. ಇನ್ನೊಮ್ಮೆ ಹಾಕು ಎಂದು ಕೇಳಲಿಲ್ಲ. "ನಾಳಿ ಐತವಾರ ಅದಲ್ಲ" ಎಂದಷ್ಟೇ ಕೇಳಿದ.

ಭಾನುವಾರ ಅವನೊಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ನಂಬುತ್ತೀರೋ ಇಲ್ಲವೋ, ಅವನು ಎಂದಿನಂತೆ ಕೆಳಗೆ ಕೂತು ವಸ್ತಾದರ ಬಲ ಮೊಣಕಾಲಿಗೆ ಎಣ್ಣೆ ಹಚ್ಚಿದ. ತಿಕ್ಕಿ ಮುಗಿದ ಮೇಲೆ ಕೇಳಿದ.

"ವಸ್ತಾದ್ರೇ, ಕಲ್ಯಾಣದ ಪಂಚಮಿ ಕುಸ್ತಿ ನೆನಪದ ಏನ್ರಿ? ಸಂಜೀವಕುಮಾರನ ಜೋಡಿ ನಂದು."

"ಯಾವುದಪ್ಪ ಅದು?"

ಅಸ್ಗರಿಯಿಂದ ಹಾಕಿಸಿಕೊಂಡಿದ್ದ ವಿಡಿಯೋವನ್ನು ನಾನು ಮೊಬೈಲಿನಲ್ಲಿ ತೋರಿಸಿದೆ. ಅವರು ಚಷ್ಮಾ ಹಾಕಿಕೊಂಡು ಪೂರ್ತಿ ನೋಡಿದರು. ಮಣ್ಣು ತೆಗೆಯುವುದನ್ನೂ ನೋಡಿದರು. "ಆವಾಗ ನಂದು ಮೈ ಹ್ಯಾಂಗಿತ್ತು ನೋಡ್ರಿ" ಎಂದರು.

"ಮಣ್ಣು ತಗೊಂಡು ನನ್ನ ಬೆನ್ನಿಗೆ ಹಚ್ಚೀರಿ" ಎಂದ ಮಚ್ಚೇಂದ್ರ.

"ಹಚ್ಚಿರಬೇಕು. ಇದೇ ಕುಸ್ತಿ ಅಂತ ನೆನಪಿಲ್ಲ ಮಚ್ಚ್ಯಾ, ಹಂಗ ಭಾಳ ಮಂದಿಗೆ ಮಾಡೀನಿ. ಪಂಚ ಆದಂವ ಬರೇ ಬೆನ್ನು ನೋಡಿದ್ರ ನಡ್ಯಂಗಿಲ್ಲ. ಯಾರ ಊರು, ಯಾರ ಮನಿ, ಆಮ್ಯಾಲ ಗದ್ದಲ ಆಗ್ತದೋ ಏನೋ, ಎಲ್ಲಾ ನೋಡಬೇಕಾಗ್ತದ."

ನನಗೆ ತಡೆಯಲಾಗಲಿಲ್ಲ. "ಬೌದ್ಧರ ಹುಡುಗನ ಕೈಯಾಗ ಜಮೀನುದಾರ್ರ ಮಗ ಬೀಳಬಾರದಿತ್ತು ಅಂತ ಸೀದಾ ಹೇಳ್ರಿ" ಎಂದೆ.

"ತಿಂಗಳಾ ತುಂಬಲಿಲ್ಲ, ಓಡಿಹೋದಂವ ನೀ. ನೀ ಮಾತಾಡಬ್ಯಾಡ" ಎಂದು ನನ್ನ ಬಾಯಿ ಮುಚ್ಚಿಸಿದರು. ಇಲ್ಲ ಎಂದು ಮಾತ್ರ ಹೇಳಲಿಲ್ಲ.

ಮಚ್ಚೇಂದ್ರನ ದನಿ ಏರಲಿಲ್ಲ. "ನೀವು 'ಬಿದ್ದುಬಿಡು' ಅಂದಿದ್ರ ನಾ ಬೀಳ್ತಿದ್ನಿರಿ. ನಿಮ್ಮ ಮಾತು ಯಾವತ್ತು ಮೀರೀನಿ? ಕುಸ್ತಿ ಹೋಗ್ತಿತ್ತು, ನನ್ನ ಬೆನ್ನು ನನಗ ಉಳೀತಿತ್ತು."

ವಸ್ತಾದರು ಚಷ್ಮಾ ತೆಗೆದಿಟ್ಟರು. ಆಮೇಲೆ ಸಮಾಧಾನ ಹೇಳುವ ದನಿಯಲ್ಲಿ, ನಿಜವಾಗಿಯೂ ಪ್ರೀತಿಯಿಂದಲೇ ಹೇಳಿದರು, "ಹೋಗ್ಲಿ ಬಿಡು. ನಿನಗೂ ಒಂದೆರಡು ಹಂಗ ಗೆಲ್ಲಿಸಿರಬೇಕು ನಾ. ಸರಿಗೆ ಸರಿ ಆತು."

"ಯಾವ್ಯಾವು?"

"ಅದನ್ನ ಯಾರು ನೆನಪಿಡ್ತಾರ" ಎಂದು ವಸ್ತಾದರು ಎಡಗಾಲು ಮುಂದೆ ಚಾಚಿದರು. ಮಚ್ಚೇಂದ್ರನ ಕೈ ರೂಢಿಯಿಂದ ಆ ಮೊಣಕಾಲಿನವರೆಗೂ ಹೋಗಿ ನಿಂತಿತು. ಎಣ್ಣೆ ಬಾಟಲಿಗೆ ಮುಚ್ಚಳ ಹಾಕಿ ಮಂಚದ ಕೆಳಗಿಟ್ಟ. ನಮಸ್ಕಾರಕ್ಕೂ ಕಾಲು ಮುಟ್ಟದೆ ಎದ್ದು ಬಂದ.

ಅವತ್ತೇ ಕಲ್ಯಾಣಕ್ಕೆ ಹೋಗಿ ವಿಡಿಯೋ ಮಾಡೋಣ ಎಂದು ಹಟ ಹಿಡಿದವನು ನಾನು. ಆ ಮುದುಕನ ಮರ್ಯಾದೆ ಊರ ಮುಂದೆ ಮೂರು ಕಾಸಿಗೆ ಹರಾಜಾಗಬೇಕು ಎಂಬುದೇ ನನ್ನ ಆಸೆಯಾಗಿತ್ತು. ದಾರಿಯುದ್ದಕ್ಕೂ ನಾನೇ ಬೈದೆ, ಮಚ್ಚೇಂದ್ರ ಆಟೋ ಓಡಿಸಿದ. ಅಸ್ಗರಿಗೆ ನಡೆದದ್ದೆಲ್ಲ ಹೇಳಿದೆ. ಅವಳು ಕ್ಯಾಮೆರಾ ಹಚ್ಚಿದಳು. ನಾನು ಮನಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದ ಪ್ರಶ್ನೆ ಕೇಳಿದೆ, "ಪೈಲ್ವಾನ್, ಈ ಕುಸ್ತಿ ಖರೇ ಯಾರು ಗೆದ್ದರು?"

"ನಾನಂತೂ ಬಿದ್ದಿಲ್ಲ. ಅದನ್ನ ಹೇಳಾಕ ಬಂದೀನಿ, ಹೇಳಿದೆ" ಎಂದ ಮಚ್ಚೇಂದ್ರ. "ಆದ್ರ ಮೊದಲು ಹಾಕಿದ ಮೂರು ಕುಸ್ತಿಯಾಗ ಎರಡಕ್ಕ ವಸ್ತಾದ್ರೇ ಪಂಚರಿದ್ರು. ಮೋರಖಂಡಿ ಮೈದಾನದಾಗ ನಾ ಕೆಡವಿದ ಹುಡುಗ, ಅವನೂ ಹತ್ತಿಲ್ಲ ಹತ್ತಿಲ್ಲ ಅಂತ ಅಳಾಕತ್ತಿದ್ದ. ನಾ ಅವನ ಎದುರಿಗೇ ನಕ್ಕೋತ ಮಂದಿ ಹೆಗಲ ಮ್ಯಾಲ ಹೋದೆ" ಎಂದ.

"ಆ ಕ್ಯಾಸೆಟ್ ಮತ್ತೊಮ್ಮೆ ಹಾಕಿ ನೋಡ್ಲೇನ್ರಿ ಚಾಚಾ, ವಸ್ತಾದ್ರ ಕೈ ಕಾಣಸ್ತದೇನು?" ಎಂದು ಅಸ್ಗರಿ ಮೆಲ್ಲಗೆ ಕೇಳಿದಳು.

"ಆಮ್ಯಾಲ ಹಾಕು ಬೇಟಿ. ಮೊದಲ ಅವನ್ನ ಕರೀತೀನಿ. ಎಲ್ಲಿ ಇದ್ರೂ ಬಾ ಅಂತ ಇದರಾಗೇ ಹೇಳ್ತೀನಿ, ಅವನೂ ಕುಂತು ನೋಡ್ಲಿ."

ಅವನು ಕ್ಯಾಮೆರಾದ ಕಡೆಗೆ ತಿರುಗಿ ಕೈ ಮುಗಿದು, ಆ ಹುಡುಗನ ಹೆಸರು ಹಿಡಿದು ಕರೆಯಲು ಬಾಯಿ ತೆರೆದ. ಹೆಸರು ಬರಲಿಲ್ಲ. ನನ್ನ ಮುಖ ನೋಡಿದ. ನನಗೂ ನೆನಪಿರಲಿಲ್ಲ.