ಪೂಜೆಗೆ ಕೂತ ಅತ್ತೆಯ ನಾಡಿ

ಮಟಕಿ ಊರಿನ ನಮ್ಮ ಮನೆಯಲ್ಲಿ ಅತ್ತೆ ಇಷ್ಟಲಿಂಗ ಪೂಜೆಗೆ ಕೂತರೆ ಯಾರೂ ಕೆಮ್ಮುವಂತಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಎಡ ಅಂಗೈಯ ಲಿಂಗವನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹಾಗಂತ ಗಮನವೆಲ್ಲ ಅಲ್ಲೇ ಇರುತ್ತಿತ್ತು ಅಂತಲ್ಲ. ಹಾಲು ಉಕ್ಕಿದ ವಾಸನೆ ಬಂದರೆ ಶಿವನನ್ನು ಅಂಗೈಯಲ್ಲೇ ಕಾಯಲು ಬಿಟ್ಟು, "ಗ್ಯಾಸ್ ಸಣ್ಣ ಮಾಡ ಬೇ!" ಎಂದು ನನ್ನ ಮೇಲೆ ಹಾಯುತ್ತಿದ್ದರು.

ಹೋದ ವರ್ಷ ಆ ಕೂಗು ನಿಂತಿತು. ಪೂಜೆಯ ನಡುವೆ ಅವರ ಕತ್ತು ಮೆಲ್ಲಗೆ ವಾಲುತ್ತಿತ್ತು, ಕಣ್ಣುಗಳು ಮೇಲಕ್ಕೆ ಹೋಗುತ್ತಿದ್ದವು, ಮುಖ ಬಿಳಿಚುತ್ತಿತ್ತು. ಸ್ವಲ್ಪ ಹೊತ್ತಿಗೆ ಉಸಿರೆಳೆದುಕೊಂಡು, ನೀವೆಲ್ಲ ಯಾರು ಎಂಬಂತೆ ನೋಡುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಒಮ್ಮೆ ಇದನ್ನು ಕಂಡು ಗಲ್ಲ ಬಡಿದುಕೊಂಡಳು.

"ಲಿಂಗದಾಗ ಲೀನ ಆಗ್ಯಾರ್ರಿ. ಯಾರೂ ಮುಟ್ಟಬ್ಯಾಡ್ರಿ!"

ಅಷ್ಟೇ ಸಾಕಾಯಿತು. ಬೆಳಗಾದರೆ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೈ ಮುಗಿದು ಹಾಜರು. ಅವರಿಗೆಲ್ಲ ಚಹಾ ಮಾಡುವವಳು ನಾನು. ನನ್ನ ಗಂಡ ತಾಯಿಯ ಕಾಲಿಗೆ ಬಿದ್ದೇ ಹೊಲಕ್ಕೆ ಹೋಗತೊಡಗಿದ. ಅಲ್ಲಿಯವರೆಗೆ ಆತ ಬಾಗಿದ್ದು ಕಟ್ಟೆಯ ಕೆಳಗೆ ಚಪ್ಪಲಿ ಹುಡುಕಲಿಕ್ಕೆ ಮಾತ್ರ.

ಒಂದು ಮಧ್ಯಾಹ್ನ ಅತ್ತೆ ನನ್ನ ತವರಿನ ಅಡುಗೆಯನ್ನು ಹಳಿಯುತ್ತಿದ್ದರು. "ನಿಮ್ಮವ್ವ ಮಾಡಿದ ಹೋಳಗಿ ಹರೀಬೇಕಂದ್ರ..." ಎಂದವರು ಅಲ್ಲೇ ವಾಲಿದರು. ಕೈಯಲ್ಲಿ ಲಿಂಗವಿಲ್ಲ, ಪೂಜೆಯ ಹೊತ್ತೂ ಅಲ್ಲ. ನನ್ನ ತವರನ್ನು ಬೈಯುವುದನ್ನು ಅರ್ಧಕ್ಕೆ ಬಿಡುವ ಹೆಂಗಸೇ ಅಲ್ಲ ಅವರು. ಕೈ ಹಿಡಿದು ನೋಡಿದೆ, ನಾಡಿ ಸಿಗಲಿಲ್ಲ. ಅತ್ತೆ ಕಣ್ಣು ಬಿಟ್ಟ ಕೂಡಲೇ ನಾನೂ ಗಂಡನೂ ಜೀಪಿಗೆ ಹತ್ತಿಸಿ ಆಳಂದದ ಆಸ್ಪತ್ರೆಗೆ ಕರೆದೊಯ್ದೆವು.

ಅಲ್ಲಿಯ ಡಾಕ್ಟರು ಇಸಿಜಿ ತೆಗೆದು ನೋಡಿ ಗಂಭೀರರಾದರು. "ಎದಿ ಬಡಿತಾನೇ ನಡುನಡುವ ನಿಲ್ಲಾಕತ್ತೈತ್ರಿ. ಒಂದಿನ ನಿಂತದ್ದು ಮತ್ತ ಶುರು ಆಗಂಗಿಲ್ಲ. ಇವತ್ತೇ ಕಲಬುರಗಿಗೆ ಒಯ್ಯಿರಿ. ಪೇಸ್‌ಮೇಕರ್ ಹಾಕ್ತಾರ."

"ನಾ ಒಲ್ಲೆ," ಎಂದರು ಅತ್ತೆ. "ಮುಂಜಾನಿ ಮಂದಿ ಬರ್ತಾರ."

ಗಂಡ ತಲೆ ಕೆರೆದುಕೊಂಡು, "ಅವ್ವ ಹೇಳೋದೂ ಖರೇನ ಐತಿ," ಎಂದು ರಾಗ ಎಳೆದ.

"ನಾಳಿ ಮಣ್ಣಿಗೂ ಬರ್ತಾರ ಮಂದಿ! ಆವಾಗೂ ನಾನೇ ಚಹಾ ಕಾಸಬೇಕೇನ್ರಿ?" ಎಂದು ಆಸ್ಪತ್ರೆ ಕೇಳುವಂತೆ ಕಿರುಚಿದೆ. ಇಬ್ಬರೂ ತೆಪ್ಪಗೆ ಆಂಬುಲೆನ್ಸ್ ಹತ್ತಿದರು.

ಕಲಬುರಗಿಯಲ್ಲಿ ಆಪರೇಷನ್ನಿಗೆ ಒಳಗೊಯ್ಯುವ ಮುನ್ನ, ಎದೆಯ ಮೇಲೆ ಏನೂ ಇರಬಾರದು ಎಂದಳು ನರ್ಸು. ಕೊರಳಿನ ಲಿಂಗವನ್ನು ಬಿಚ್ಚಿ ಅತ್ತೆಯ ಬಲ ತೋಳಿಗೆ ಕಟ್ಟಿದೆ. ಕಟ್ಟುತ್ತಾ, ಅವರ ಹೆದರಿಕೆ ಕಳೆಯಲೆಂದು ಚೇಷ್ಟೆ ಮಾಡಿದೆ. "ಅತ್ತಿ, ದಿನಾ ಶಿವನ ಮನಿಗಿ ಹೋಗಿ ಬರ್ತಿದ್ರಲ್ಲ, ಹೆಂಗ ಅದಾನ್ರಿ?"

ಅತ್ತೆ ನಗಲಿಲ್ಲ. "ಯಾರೂ ಇರಲಿಲ್ಲ ಬೇ. ಬರೇ ಕತ್ತಲ. ಭಾಳ ಅಂಜಿಕಿ ಬರ್ತಿತ್ತು."

"ಮತ್ತ ಹೇಳಬಾರದೇನ್ರಿ?"

"ಕಣ್ಣ ತಗದ್ರ ಎಲ್ಲಾರೂ ಕೈ ಮುಗದು ನಿಂತಿರ್ತಿದ್ರು. ಯಾರ ಮುಂದ ಹೇಳ್ಲಿ?"

ನನಗೆ ಅಳು ತಡೆಯಲಾಗಲಿಲ್ಲ.

ಪೇಸ್‌ಮೇಕರ್ ಹಾಕಿದ ಮೇಲೆ ಅತ್ತೆ ಒಮ್ಮೆಯೂ ವಾಲಿಲ್ಲ. ನೋಡಲು ಏನೂ ಉಳಿಯದೆ ಓಣಿಯವರು ಬರುವುದನ್ನು ಬಿಟ್ಟರು. ಆದರೂ ಪೂಜೆಗೆ ಕೂರುವ ಮುನ್ನ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಾರೆ.

"ನಾ ಸುಮ್ಮನಾದ್ರ ಬಡದು ಎಬ್ಬಸ ಬೇ," ಎನ್ನುತ್ತಾರೆ. "ನೀನೂ ಕೈ ಮುಗದು ಕುಂದರಬ್ಯಾಡ."