ನಲವತ್ತರ ಮುಳ್ಳು

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಎಂದೋ ಜಾಕ್ ಜಾರಿ ಜಜ್ಜಿತ್ತಂತೆ, ಸೀಳು ಮತ್ತೆ ಕೂಡಿಕೊಳ್ಳಲೇ ಇಲ್ಲ. ಆ ಸೀಳಿಗೇ ಸ್ಪೀಡೋಮೀಟರಿನ ಮುಳ್ಳನ್ನು ಸಿಕ್ಕಿಸಿಕೊಂಡು, ಉಸಿರು ಹಿಡಿದು, ಸೊನ್ನೆಯ ಮೇಲೆ ಕೂರಿಸುತ್ತಿದ್ದರು. ಚಿಮಟ ಇಟ್ಟುಕೊಳ್ಳಬಾರದೇ ಎಂದು ನಾನೊಮ್ಮೆ ಕೇಳಿದ್ದೆ. "ಚಿಮಟ ಕಳೆದೋಯ್ತದೆ ಕಣಮ್ಮ, ಬೆರಳು ಎಲ್ಲಿಗೆ ಹೋದಾತು" ಎಂದಿದ್ದರು.

ಸಕಲೇಶಪುರದಲ್ಲಿ ಹೇಮಾವತಿ ಸೇತುವೆಯ ಈಚೆಗೆ ಅವರ ಶೆಡ್ಡು. ಹೆತ್ತೂರು ಕಡೆಯ ಜೀಪುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ನನ್ನದು ಹೆತ್ತೂರಿನ ಹತ್ತಿರ ನಾಲ್ಕೆಕರೆ ಕಾಫಿ, ಒಂದು ಹಳೇ ಜೀಪು, ಜೊತೆಗೆ ಸ್ವಲ್ಪ ಜೋರು ಬಾಯಿ. ಮೂರನ್ನೂ ಸಹಿಸಿಕೊಂಡ ಮೆಕ್ಯಾನಿಕ್ ಅವರೊಬ್ಬರೇ.

ಮೀಟರ್ ರಿಪೇರಿ ಮಾಡಿದರೆ ಸುಮ್ಮನೆ ಕೊಟ್ಟು ಕಳಿಸುವವರಲ್ಲ. ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತುಬಿಡುತ್ತಿದ್ದರು. ಬಾಳ್ಳುಪೇಟೆ ಕಡೆ ರಸ್ತೆ ನೇರವಾಗಿರುವ ಕಡೆ, ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಮುಳ್ಳನ್ನು ಅರವತ್ತರಲ್ಲೇ ಹಿಡಿದು ಓಡಿಸಬೇಕು. ಸರಿಯಾಗಿ ಒಂದು ನಿಮಿಷ ಹಿಡಿದರೆ ಮೀಟರು ಪಾಸು. "ಕಂಪನಿ ಮೀಟರು ಒಂದೆರಡು ಜಾಸ್ತಿನೇ ತೋರಿಸ್ತೈತೆ. ಅದು ತಾಯಿ ಹೇಳೋ ಸುಳ್ಳು, ಒಳ್ಳೇದಕ್ಕೇ. ಕಮ್ಮಿ ತೋರ್ಸೋದು ಮಾತ್ರ ಆಗಬಾರ್ದು" ಎನ್ನುತ್ತಿದ್ದರು.

ಅವರ ತಂಗಿಯ ಗಂಡ ಹೆತ್ತೂರಿನಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದರು. ಜಪ್ಪಯ್ಯ ಅಂದರೂ ನಲವತ್ತು ದಾಟದ ಮನುಷ್ಯ. ಹತ್ತಿದವರೆಲ್ಲ ಎತ್ತಿನಗಾಡಿ ಎಂದು ಹಾಸ್ಯ ಮಾಡುತ್ತಿದ್ದರು, ನಾನೂ ಮಾಡಿದ್ದೇನೆ. ಒಂದು ಮಳೆಗಾಲದ ಬೆಳಿಗ್ಗೆ, ಮಾರನಹಳ್ಳಿ ದಾಟಿ ಘಾಟಿ ಇಳಿಯುವಾಗ, ತಿರುವಿನಲ್ಲಿ ಆ ಜೀಪು ರಸ್ತೆ ಬಿಟ್ಟು ಕೆಳಗೆ ಹೋಯಿತು. ಪಕ್ಕದಲ್ಲಿ ಕೂತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕಾಲು ಮುರಿದುಕೊಂಡು ಉಳಿದರು. ಓಡಿಸುತ್ತಿದ್ದವರು ಉಳಿಯಲಿಲ್ಲ. ಟೈರು ಎಳೆದ ಗುರುತು ನೋಡಿದವರೆಲ್ಲ ಅತಿವೇಗ ಎಂದರು. "ಮುಳ್ಳು ನಲವತ್ತರಲ್ಲಿತ್ತು, ನಾನೇ ನೋಡಿದೀನಿ" ಎಂದು ರೈಟರ್ ಆಸ್ಪತ್ರೆಯಿಂದ ಹೇಳಿ ಕಳಿಸಿದರು.

ತಿಥಿಯ ದಿನ ಊಟಕ್ಕೆ ಕೂತಾಗ ಯಾರೋ ಆ ಮಾತು ತೆಗೆದರು. ಮೇಸ್ತ್ರಿ ತಲೆ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಆ ಮೀಟರು ಕೂರ್ಸಿದ್ದು ನಾನು. ಅದು ಸುಳ್ಳು ಹೇಳಲ್ಲ. ನಲವತ್ತರಲ್ಲಿ ಹೋಗಿದ್ರೆ ಆ ತಿರುವಲ್ಲಿ ಬೀಳ್ತಿರಲಿಲ್ಲ. ಅವನೇ ಜೋರಾಗಿ ಹೊಡ್ಕಂಡು ಹೋಗ್ಬುಟ್ಟ. ರೈಟರು ಸತ್ತವನ ಮಾನ ಉಳಿಸಾಕೆ ಹೇಳ್ತಾವ್ರೆ ಅಷ್ಟೇಯ." ತಂಗಿ ಎದ್ದು ಒಳಗೆ ಹೋದರು. ಅಂದಿನಿಂದ ಅಣ್ಣನ ಜೊತೆ ಮಾತಿಲ್ಲ. ಊರಿನವರು ಮಾತ್ರ ಮೇಸ್ತ್ರಿ ಹೇಳಿದ್ದನ್ನೇ ನಂಬಿದರು, ಮೀಟರಿನ ವಿಷಯದಲ್ಲಿ ಅವರ ಮಾತೇ ಮಾತು.

ಕಾಫಿ ಕುಯ್ಲಿನ ಹೊತ್ತಿಗೆ ನನ್ನ ಮೊಬೈಲಿಗೊಂದು ದಂಡದ ನೋಟಿಸು ಬಂತು. ಹೈವೇಯ ಕ್ಯಾಮೆರಾ ನನ್ನ ಜೀಪನ್ನು ಹಿಡಿದಿತ್ತು. ಅರವತ್ತರ ಮಿತಿ ಇರುವ ಕಡೆ ಅರವತ್ತೈದು. ಆ ಕ್ಯಾಮೆರಾ ಇರುವ ಜಾಗ ನನಗೆ ಗೊತ್ತು, ಮುಳ್ಳನ್ನು ನೋಡಿಕೊಂಡೇ ಹೋಗಿದ್ದೆ. ಐವತ್ತೆಂಟು ದಾಟಿರಲಿಲ್ಲ. ನೇರವಾಗಿ ಶೆಡ್ಡಿಗೆ ಹೋಗಿ, "ಇದೇನು ಮೇಸ್ತ್ರಿ ನಿಮ್ಮ ಮೀಟರಿನ ಮರ್ಯಾದೆ" ಎಂದು ಶುರುಮಾಡಿದೆ. "ಕ್ಯಾಮೆರಾನೇ ಕೆಟ್ಟಿರ್ಬೇಕು, ನಡೀರಿ ನೋಡ್ಬುಡಾಣ" ಎಂದು ನಗುತ್ತ ಹತ್ತಿದರು.

ಮುಳ್ಳು ಅರವತ್ತರಲ್ಲೇ ಇದ್ದರೂ ಕಲ್ಲಿನಿಂದ ಕಲ್ಲಿಗೆ ಐವತ್ತಮೂರೇ ಸೆಕೆಂಡು. ತಿರುಗಿಸಿಕೊಂಡು ಇನ್ನೊಮ್ಮೆ ಓಡಿಸಿದೆ. ಮತ್ತೆ ಐವತ್ತಮೂರು. ಮೇಸ್ತ್ರಿ ಜೀಪು ನಿಲ್ಲಿಸಲು ಹೇಳಿ, ಇಳಿದು, ಮುಂದಿನ ಟೈರಿನ ಮೇಲೆ ಅಂಗೈ ಇಟ್ಟು ನಿಂತರು. ನಾನು ಬೈಯುತ್ತಲೇ ಇದ್ದೆ. ನಾನೂ ಇಳಿದು ನೋಡಿದರೆ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

ಅದು ಕೆಸರಿಗೆಂದು ಅವರೇ ಹಾಕಿಕೊಟ್ಟಿದ್ದ ದೊಡ್ಡ ಟೈರು. ನಮ್ಮ ಕಡೆ ಮಳೆಗಾಲಕ್ಕೆ ಎಲ್ಲರೂ ಹಾಕಿಸುತ್ತಾರೆ. ಟೈರು ದೊಡ್ಡದಾದರೆ ಒಂದು ಸುತ್ತಿಗೆ ಜೀಪು ಹೆಚ್ಚು ದೂರ ಹೋಗುತ್ತದೆ, ಮೀಟರು ಮಾತ್ರ ಸುತ್ತುಗಳನ್ನಷ್ಟೇ ಎಣಿಸಿ ಕಡಿಮೆ ವೇಗ ತೋರಿಸುತ್ತದೆ.

"ತಂಗಿ ಗಂಡನ ಜೀಪಿಗೂ ಇದೇ ಟೈರು ಕಣಮ್ಮ" ಎಂದರು ಮೇಸ್ತ್ರಿ. "ಮೀಟರು ಕೂರ್ಸಿ, ಕಲ್ಲಿಂದ ಕಲ್ಲಿಗೆ ಓಡ್ಸಿ ನೋಡಿ, ಆಮೇಲೆ ಟೈರು ಬದಲಾಯಿಸ್ದೆ. ಮತ್ತೆ ಓಡ್ಸಿ ನೋಡ್ಲಿಲ್ಲ. ಮಳೆ ಬರ್ತಿತ್ತು."

"ನಾಲ್ಕೈದು ಕಿಲೋಮೀಟರ್ ಹೆಚ್ಚುಕಮ್ಮಿಗೆ ಯಾರಾದ್ರೂ ಸಾಯ್ತಾರಾ ಮೇಸ್ತ್ರಿ?" ಎಂದೆ.

"ಅದಕ್ಕೇ ಸತ್ನೋ ಇಲ್ವೋ ದೇವ್ರಿಗೆ ಗೊತ್ತು. ಅವನು ನಲವತ್ತು ನೋಡ್ಕಂಡೇ ಓಡ್ಸಿದ್ದು. ನಾನು ಜನದ ಮುಂದೆ ಜೋರಾಗಿ ಹೊಡ್ದ ಅಂದೆನಲ್ಲ."

ಮರುದಿನ ನಾನೇ ಅವರನ್ನು ಹೆತ್ತೂರಿಗೆ ಕರೆದುಕೊಂಡು ಹೋದೆ. ತಂಗಿ ಅಂಗಳದಲ್ಲಿ ಕಾಫಿ ಹರವುತ್ತಿದ್ದರು. ಮೇಸ್ತ್ರಿ ನಿಂತೇ ಎಲ್ಲವನ್ನೂ ಹೇಳಿದರು. ಟೈರಿನ ಲೆಕ್ಕವನ್ನು ಎರಡು ಸಲ ಬಿಡಿಸಿ ಹೇಳಿ, ಕೊನೆಗೆ ಕಣ್ಣೊರೆಸಿಕೊಂಡರು. ಆಕೆ ಕಾಫಿ ಹರವುವುದನ್ನು ನಿಲ್ಲಿಸಲಿಲ್ಲ. "ಜನದ ಮುಂದೆ ಅಂದೆ, ಜನದ ಮುಂದೆ ಹೇಳು. ಮಾರ್ನಾಮಿ ಅಮಾಸೆಗೆ ಸತ್ತೋರ್ಗೆ ಎಡೆ ಇಡ್ತೀವಿ. ಎಲ್ಲ ಸೇರ್ತಾರೆ. ಆವತ್ತು ಬಾ" ಎಂದರು. ಕುಡಿಯಲು ನೀರೂ ಕೊಡಲಿಲ್ಲ.

ಆಮೇಲೆ ಮೇಸ್ತ್ರಿ ಶೆಡ್ಡಿನಲ್ಲಿ ಸಿಗುವುದೇ ಅಪರೂಪವಾಯಿತು. ತಾವು ದೊಡ್ಡ ಟೈರು ಹಾಕಿಕೊಟ್ಟ ಜೀಪುಗಳನ್ನೆಲ್ಲ ಬೆಳಗೋಡು, ಆಲೂರಿನ ತನಕ ಹುಡುಕಿಕೊಂಡು ಹೋಗಿ, ಮೀಟರಿನ ಗಾಜಿನ ಮೇಲೆ ನಲವತ್ತರ ಹತ್ತಿರ ನಲವತ್ತೈದು ಎಂದು ಕೆಂಪು ಬಣ್ಣದಲ್ಲಿ ಬರೆದು ಬರುತ್ತಿದ್ದರು. ಕೆಲವರು ನಕ್ಕರು. ಒಬ್ಬ ಅಳಿಸಿಯೂ ಹಾಕಿದನಂತೆ, ಅವನ ಮನೆಗೆ ಮತ್ತೆ ಹೋದರು. ಅವರು ಸೊರಗುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಅಂದು ನಾನು ಹಾಗೆ ಅಬ್ಬರಿಸಿಕೊಂಡು ಹೋಗದಿದ್ದರೆ ನೆಮ್ಮದಿಯಾಗಿ ಇರುತ್ತಿದ್ದರೇನೋ ಎಂದು ಈಗಲೂ ಅನ್ನಿಸುತ್ತದೆ. ಒಮ್ಮೆ ಹೇಳಿಯೂ ಬಿಟ್ಟೆ. "ನೀವು ಬೈದಿದ್ದಕ್ಕೆ ನನಗೆ ನಿಜ ಗೊತ್ತಾಯ್ತು. ಅಮಾಸೆ ಒಂದು ಬಂದ್ಬುಟ್ರೆ ಸಾಕು" ಎಂದರು.

ಅಮಾವಾಸ್ಯೆ ಬರುವ ಮೊದಲೇ, ಶ್ರಾವಣದ ಮಳೆಯಲ್ಲಿ, ಎದೆನೋವು ಬಂದು ಹೋಗಿಬಿಟ್ಟರು. ಮಣ್ಣು ಹಾಕುವಾಗ ತಂಗಿ ದೂರದಲ್ಲಿ ನಿಂತಿದ್ದರು. ಅಳಲಿಲ್ಲ.

ಎಡೆಯ ದಿನ ಯಾರೂ ಕರೆಯದಿದ್ದರೂ ನಾನು ಹೆತ್ತೂರಿಗೆ ಹೋದೆ. ನೆಂಟರೆಲ್ಲ ಕೂಡಿದ್ದರು, ಆ ರೈಟರ್ ಕೋಲೂರಿಕೊಂಡು ಬಂದಿದ್ದರು. ನಾನು ಎದ್ದು ನಿಂತು, ಟೈರು, ಕಲ್ಲು, ಐವತ್ತಮೂರು ಸೆಕೆಂಡು ಎಲ್ಲವನ್ನೂ ಮೇಸ್ತ್ರಿ ಹೇಳಿದ ಹಾಗೇ ಹೇಳಿದೆ. "ಇದನ್ನು ಅವರೇ ಬಂದು ಹೇಳಬೇಕಿತ್ತು. ಈ ಮನೆ ಯಜಮಾನರು ಮುಳ್ಳನ್ನು ನಲವತ್ತರಲ್ಲಿ ನೋಡಿಕೊಂಡೇ ಓಡಿಸಿದ್ದು. ತಪ್ಪು ನನ್ನದು ಅಂತ ಮೇಸ್ತ್ರಿ ಅಂದಿದ್ದರು" ಎಂದು ಮುಗಿಸಿದೆ. ರೈಟರ್ ಕಣ್ಣು ಮುಚ್ಚಿಕೊಂಡರು.

ಗಂಡನ ಎಡೆಯ ಪಕ್ಕಕ್ಕೆ ತಂಗಿ ಇನ್ನೊಂದು ಬಾಳೆಲೆ ಹಾಕಿದರು. ಅಕ್ಕಿ ಕಡುಬು ಇಟ್ಟು, ಕೋಳಿ ಸಾರು ಬಿಟ್ಟರು. ಗಂಡನ ಮನೆಯಲ್ಲಿ ತವರಿನವರಿಗೆ ಎಡೆ ಇಡುವುದುಂಟೇ ಎಂದು ಹಿರಿಯರೊಬ್ಬರು ಗೊಣಗಿದರು.

"ಗೊತ್ತೈತೆ ಮಾವ" ಎಂದರು ಆಕೆ. "ನಾನೇ ಬಾ ಅಂದಿದ್ದೆ. ಬಂದವ್ನೆ."